ರೂಟರಿನ ಮೂರು ಖಾಲಿ ಪೋರ್ಟುಗಳು

ಖಾಲಿ ಜಾಗ ಕಂಡರೆ ನನಗೆ ನೆಮ್ಮದಿ, ಅಮ್ಮನಿಗೆ ಸಂಕಟ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೆ ನಾನು ಬ್ಯಾಗ್ ಇಡುತ್ತೇನೆ. ಅಮ್ಮ ನಿಂತವರನ್ನು ಕರೆದು ಕೂರಿಸಿ, ಕುಣಿಗಲ್ ಬರುವಷ್ಟರಲ್ಲಿ ಅವರ ಸೊಸೆಯ ಸ್ವಭಾವದವರೆಗೂ ತಿಳಿದುಕೊಂಡಿರುತ್ತಾಳೆ. ನೆರೆಯವರ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಿದವಳಲ್ಲ. ಇಂಥವಳ ಮನೆಗೆ, ನಮ್ಮ ಬಡಾವಣೆ ಸದಾಶಿವನಗರಕ್ಕೆ ಬ್ರಾಡ್‌ಬ್ಯಾಂಡ್ ಬಂದ ಹೊಸದರಲ್ಲಿ, ನಾನೊಂದು ರೂಟರ್ ತಂದೆ. ಅದರ ಬೆನ್ನಲ್ಲಿ ಫೋನ್ ತಂತಿಗೆಂದು ಸಣ್ಣದೊಂದು ಪೋರ್ಟು, ಕಂಪ್ಯೂಟರುಗಳಿಗೆಂದು ಅಗಲವಾದ ನಾಲ್ಕು. "ಸಣ್ಣದರಿಂದ ಇಂಟರ್ನೆಟ್ ಒಳಗೆ ಬರುತ್ತೆ, ಈ ನಾಲ್ಕರಿಂದ ಹಂಚಿಕೆ ಆಗುತ್ತೆ" ಎಂದು ವಿವರಿಸಿದವಳು ನಾನೇ. ಹಂಚಿಕೆ ಎಂಬ ಮಾತನ್ನು ಆ ಮನೆಯಲ್ಲಿ ಆಡಬಾರದಿತ್ತು.

"ನಮ್ಗೊಂದ್ ಸಾಕಲ್ವೇನೇ? ಮಿಕ್ಕಿದ್ದು ಸುಮ್ನೆ ಬಾಯ್ ಬಿಟ್ಕೊಂಡ್ ಕೂತವೆ" ಎಂದಳು ಅಮ್ಮ. ತಿಂಗಳೊಳಗೆ ಬ್ಲೌಸ್ ಡಿಸೈನ್ ನೋಡಲು ಮಹಡಿಯ ನಸ್ರೀನ್ ಆಂಟಿಗೆ, ಹಾಡು ಇಳಿಸಿಕೊಳ್ಳಲು ಪಕ್ಕದ ಮನೆಯ ಜಯಮ್ಮನವರಿಗೆ, ಕ್ರಿಕೆಟ್ ಸ್ಕೋರಿಗೆ ಹಿಂದಿನ ಮನೆಯ ಮೇಷ್ಟರಿಗೆ ಒಂದೊಂದು ತಂತಿ ಹೋಯಿತು.

ಆಗ ನನಗೆ ಗುಬ್ಬಿಯ ಲೆಕ್ಚರರ್ ಒಬ್ಬರ ಜೊತೆ ಮದುವೆಯ ಮಾತು ನಡೆದಿತ್ತು. ಹೆಣ್ಣು ನೋಡಲು ಬಂದ ದಿನ ಎರಡೂ ಕಡೆಯ ಹಿರಿಯರೇ ಮಾತಾಡಿ ಮುಗಿಸಿದ್ದರು. ಭಾನುವಾರ ಸಂಜೆ ನಾವಿಬ್ಬರೇ ಚಾಟ್ ಮಾಡಿ ತೀರ್ಮಾನಿಸೋಣವೆಂದು ಅವರು ಮೇಲ್ ಕಳಿಸಿದರು. ನಾನು ಒಪ್ಪಿದೆ. ಅಮ್ಮನಿಗೂ ಹೇಳಲಿಲ್ಲ.

ಆ ಸಂಜೆ "ಒಂದು ಮಾತು ಕೇಳಲೇ?" ಎಂದು ಬರೆದರು. ಕೇಳಿ ಎಂದೆ. ಅಷ್ಟಕ್ಕೇ ನೆಟ್ ನಿಂತಂತಾಯಿತು. ಮೂರೂ ಮನೆಯವರು ಒಂದೇ ಹೊತ್ತಿಗೆ ತಂತಮ್ಮ ಕಂಪ್ಯೂಟರಿನ ಮುಂದೆ ಕೂತಿದ್ದರೆಂದು ಕಾಣುತ್ತದೆ. ಎದ್ದು ಮೂರೂ ತಂತಿ ಕಿತ್ತೆ. "ಈ ಮದುವೆ ನಿಮಗೆ ಇಷ್ಟವೇ?" ಎಂದು ತೆರೆಯ ಮೇಲೆ ಮೂಡಿತು. ಅದರ ಹಿಂದೆಯೇ ಅಮ್ಮನ ಜೊತೆ ಮೂವರೂ ನನ್ನ ಕೋಣೆಯಲ್ಲಿ ಮೂಡಿದರು.

"ಏನಾಯ್ತೇ, ಹಾಡು ಅರ್ಧಕ್ಕೇ ನಿಂತೋಯ್ತು" ಎನ್ನುತ್ತ ಬಂದ ಜಯಮ್ಮನವರು ತೆರೆಯತ್ತ ಬಗ್ಗಿದರು. ಮೇಷ್ಟರು ಕನ್ನಡಕ ಏರಿಸಿ ಓದಿದರು.

"ಹುಡುಗ ಕಾಯ್ತಾವ್ನೆ ಕಣೇ" ಎಂದಳು ಅಮ್ಮ, ಆ ಕಡೆ ಇರುವುದು ಯಾರೆಂದು ಅವಳಿಗೆ ಯಾರೂ ಹೇಳದಿದ್ದರೂ.

"ಇಷ್ಟ ಇದ್ರೆ ಹೂಂ ಅಂತ ಹಾಕಮ್ಮ. ನಾಚ್ಕೆ ಆದ್ರೆ ಈ ಕಡೆ ಜರುಗು, ನಾನ್ ಹಾಕ್ತೀನಿ" ಎಂದರು ನಸ್ರೀನ್ ಆಂಟಿ.

ಇಷ್ಟವಿತ್ತು. ಹಾಗೆಂದೇ ಬರೆದೆ. "ಯಾರ ಬಲವಂತವೂ ಇಲ್ಲ ತಾನೇ? ಪಕ್ಕದಲ್ಲಿ ಯಾರಾದರೂ ಇದ್ದಾರಾ?" ಎಂದು ಅವರು ಅತ್ತಲಿಂದ ತಕ್ಷಣ ಕೇಳಿದರು. ನಾಲ್ವರ ಉಸಿರು ಕತ್ತಿಗೆ ತಾಗುತ್ತಿತ್ತು. "ಯಾರೂ ಇಲ್ಲ" ಎಂದು ಟೈಪ್ ಮಾಡಿದೆ.

"ಬೇಗ ಕಳಿಸಿ ಆ ವೈರ್ ಹಾಕಮ್ಮ, ಕೊನೇ ಓವರ್ರು" ಎಂದರು ಮೇಷ್ಟರು.

ಕಳಿಸಿದೆ. ನಾನೇ ಹೋಗಿ ಮೂರೂ ತಂತಿಗಳನ್ನು ಮತ್ತೆ ಸಿಕ್ಕಿಸಿದೆ. ಆದರೂ ಯಾರೊಬ್ಬರೂ ಮನೆಗೆ ಹೋಗಲಿಲ್ಲ.