ಚೆಂಡು ಮುಟ್ಟದ ಕೋಚ್

ಮಾನ ಹೋಗುವ ಪ್ರಸಂಗ ಕೆಲವರ ಬಾಳಿನಲ್ಲಿ ಹತ್ತು ವರ್ಷಕ್ಕೊಂದು ಬರುತ್ತದಂತೆ. ನನಗೆ ವಾರದ ಸಂತೆಯ ಹಾಗೆ, ತಪ್ಪದೆ ಬರುತ್ತದೆ. ಅದರಲ್ಲೂ ಬ್ಯಾಸ್ಕೆಟ್‌ಬಾಲಿನಿಂದ ಹೋದ ಮಾನ ಇದೆಯಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ಒಬ್ಬನೇ ಕೂತಲ್ಲಿ ಮುಖ ಬಿಸಿಯಾಗುತ್ತದೆ.

ಎರಡು ಸಾವಿರದ ಐದೋ ಆರೋ ಇಸವಿ. ಜಯಲಕ್ಷ್ಮಿಪುರಂನಲ್ಲಿ ಮನೆ. ಮೈಸೂರಿನಲ್ಲೇ ಒಂದು ಸರ್ಕಾರಿ ಕಚೇರಿಯ ಸಿಬ್ಬಂದಿ ವಿಭಾಗದಲ್ಲಿ ಸೂಪರಿಂಟೆಂಡೆಂಟ್ ಕೆಲಸ. ಯಾರಿಗೆ ಬಡ್ತಿ, ಯಾರಿಗೆ ವರ್ಗ, ಯಾರಿಗೆ ರಜೆ ಅಂತ ನೋಡುವುದೇ ದಿನಚರಿ. ಕಚೇರಿಗೆ ಹೊಸದಾಗಿ ಇಂಟರ್‌ನೆಟ್ ಬಂತು. ನಮ್ಮ ಟೈಪಿಸ್ಟ್ ಹೆಣ್ಣುಮಗಳು ತನಗಿದ್ದ ಚಟವೊಂದನ್ನು ನನಗೂ ಅಂಟಿಸಿಬಿಟ್ಟಳು. ಕಂಪ್ಯೂಟರಿನಲ್ಲಿ ನಡೆಯುವ ಬ್ಯಾಸ್ಕೆಟ್‌ಬಾಲ್ ಲೀಗು.

ಆಡುವುದು ಅಂದರೆ ನಾವು ಆಡುವುದಲ್ಲ. ಹನ್ನೆರಡು ಜನ ಆಟಗಾರರನ್ನು ಕಂಪ್ಯೂಟರೇ ಹುಟ್ಟಿಸಿ, ಹೆಸರಿಟ್ಟು, ವಯಸ್ಸು ಎತ್ತರ ಬರೆದು ಕೊಡುತ್ತದೆ. ಯಾರನ್ನು ಕಣಕ್ಕಿಳಿಸಬೇಕು, ಯಾರನ್ನು ಹರಾಜಿನಲ್ಲಿ ಹಿಡಿಯಬೇಕು, ಯಾರಿಗೆ ಏನು ತರಬೇತಿ ಅಂತ ನಾವು ಬರೆದಿಟ್ಟರೆ ಸಾಕು. ಪಂದ್ಯವನ್ನು ಅದೇ ಆಡಿ ಮುಗಿಸಿ ನಮಗೆ ಬರೀ ಸ್ಕೋರು ತೋರಿಸುತ್ತದೆ. ಎದುರಾಳಿಗಳು ದೇಶದೇಶದವರು. ಹೀಗೆ ನಾನೊಂದು ಟೀಮಿನ ಮಾಲೀಕ ಕಂ ಕೋಚ್ ಆದೆ.

ಎಂಟನೇ ಕ್ಲಾಸಿನಲ್ಲಿದ್ದ ನನ್ನ ಮಗಳು ಶಾಲೆಯಲ್ಲಿ ನಿಜವಾದ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದಳು. ವಿಷಯ ಗೊತ್ತಾದ ದಿನದಿಂದ, ಅಪ್ಪನಿಗೆ ಈ ಆಟ ಅರೆದು ಕುಡಿದಷ್ಟು ಗೊತ್ತು ಅಂತ ನಂಬಿಬಿಟ್ಟಳು. ಗಣಿತ ಹೇಳಿಕೊಡಲು ಬರದೆ, ವಿಜ್ಞಾನ ಹೇಳಿಕೊಡಲು ಬರದೆ, ಅವಳ ಕಣ್ಣಲ್ಲಿ ಆಗಲೇ ಎರಡು ಮೆಟ್ಟಿಲು ಇಳಿದಿದ್ದೆ. ಉಳಿದಿದ್ದು ಇದೊಂದೇ ಮರ್ಯಾದೆ. ಆ ಚೆಂಡನ್ನು ನಾನು ಹುಟ್ಟಿದಾಗಿನಿಂದ ಮುಟ್ಟೇ ಇಲ್ಲ ಅನ್ನೋದು ಅವಳಿಗೆ ಗೊತ್ತಾಗಬಾರದು. ನನಗೆ ಬೇಕಾಗಿದ್ದದ್ದು ಅಷ್ಟೇ.

೧. ಹಿರಿಯರು ಮೊದಲು

ಮೊದಲ ಪಂದ್ಯಕ್ಕೆ ಐದು ಜನರನ್ನು ಆರಿಸಬೇಕಿತ್ತು. ಒಬ್ಬೊಬ್ಬನ ಮುಂದೂ ಓಟ, ಎಸೆತ, ನೆಗೆತ, ತಡೆ ಅಂತ ಏನೇನೋ ಬರೆದಿತ್ತು. ನನ್ನ ಕಣ್ಣಿಗೆ ಬಿದ್ದದ್ದು ಒಂದೇ ಕಾಲಂ, ವಯಸ್ಸು. ಇಪ್ಪತ್ತೆರಡು ವರ್ಷ ಸಿಬ್ಬಂದಿ ವಿಭಾಗದಲ್ಲಿ ಕೂತು ಸವೆದವನಿಗೆ ಇನ್ನೇನು ಕಾಣಬೇಕು? ಮೂವತ್ತಾರರವನು ಮೊದಲು, ಆಮೇಲೆ ಮೂವತ್ತೈದು, ಆಮೇಲೆ ಮೂವತ್ತನಾಲ್ಕರ ಇಬ್ಬರು, ಹೀಗೆ ಪಟ್ಟಿ ಮಾಡಿ ಇಳಿಸಿದೆ. ಸೋತೆವು. ಅವರು ನೂರಾ ನಾಲ್ಕು, ನಾವು ನಲವತ್ತೊಂದು.

ಟೈಪಿಸ್ಟ್ ನನ್ನ ಪಟ್ಟಿ ನೋಡಿ, "ಸಾರ್, ಈ ಐದೂ ಜನ ಯಾಕೆ?" ಅಂದಳು.

"ಸೀನಿಯಾರಿಟಿ ಕಣಮ್ಮ."

"ಬುಟ್ಟಿ ಕೆಳಗೆ ನಿಲ್ಲಿಸಿರೋರು ಐದಡಿ ಎಂಟಿಂಚು ಇದಾರೆ ಸಾರ್. ಆರಡಿ ಹತ್ತಿಂಚಿನ ಹುಡುಗ ಬೆಂಚಲ್ಲಿ ಕೂತಿದಾನೆ."

"ಅವನಿಗಿನ್ನೂ ಹತ್ತೊಂಬತ್ತು, ಬೇಕಾದಷ್ಟು ಸರ್ವಿಸ್ ಇದೆ. ಈ ಹಿರಿಯರು ಪಾಪ, ರಿಟೈರ್ ಆಗೋ ಮುಂಚೆ ಒಂದು ಅವಕಾಶ ಕೊಡಬೇಡ್ವಾ?"

ಎದುರು ಮೇಜಿನಲ್ಲಿ ನಮ್ಮ ಹಿರಿಯ ಗುಮಾಸ್ತರು ಫೈಲಿನ ಮೇಲೆ ಕೆನ್ನೆಯಿಟ್ಟು ನಿದ್ದೆ ಹೊಡೆಯುತ್ತಿದ್ದರು. ಅವಳು ಅವರತ್ತ ನೋಡಿ, "ಅದಕ್ಕೇ ಸಾರ್, ನಿಮ್ಮ ಟೀಮು ಥೇಟ್ ನಮ್ಮ ಆಫೀಸಿನ ಥರಾನೇ ಆಡ್ತಾ ಇದೆ" ಅಂದಳು.

ಸಂಜೆ ಮಗಳು, "ಅಪ್ಪ, ಗೆದ್ಯಾ?" ಅಂತ ಕೇಳಿದಳು. "ಮೊದಲನೇ ಮ್ಯಾಚು ಬೇಕಂತಲೇ ಬಿಟ್ಟುಕೊಟ್ಟೆ ಕಣಮ್ಮ, ಎದುರಾಳಿಗಳ ಆಟ ತಿಳ್ಕೊಳ್ಳೋಕೆ" ಅಂದೆ. ಆ ಮಗು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿತು.

೨. ರಾಹುಕಾಲ

ಹರಾಜಿಗೆ ಒಬ್ಬ ಆಟಗಾರ ಬಂದ. ಏಳಡಿ ಎತ್ತರ, ಇಪ್ಪತ್ತರ ಪ್ರಾಯ. ಇವನೊಬ್ಬ ಸಿಕ್ಕರೆ ಟೀಮು ಉದ್ಧಾರವಾಗುತ್ತೆ ಅಂತ ನನ್ನಂಥವನಿಗೂ ಗೊತ್ತಾಯಿತು. ಹರಾಜು ಮುಗಿಯುವುದು ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ. ಶುಕ್ರವಾರದ ರಾಹುಕಾಲ ಶುರುವಾಗುವುದು ಹತ್ತೂವರೆಗೆ.

ನಾನು ಜಾಣ. ಹತ್ತೂ ಇಪ್ಪತ್ತೈದಕ್ಕೆ, ಒಳ್ಳೇ ಗಳಿಗೆಯಲ್ಲಿ ಕೂಗು ಹಾಕಿ, ಕೈಕಟ್ಟಿ ಕೂತೆ. ಹತ್ತೂ ಐವತ್ತಕ್ಕೆ ಯಾರೋ ನನ್ನ ಮೇಲೆ ಕೂಗಿದರು. ಬೆರಳು ತುರಿಸಿತು. ಗೋಡೆ ಗಡಿಯಾರ ನೋಡಿದೆ. ರಾಹುಕಾಲದಲ್ಲಿ ತಂದ ಆಟಗಾರ ಏಳಿಗೆಯಾದಾನೆಯೇ ಅಂತ ಕೈ ಹಿಂದೆಳೆದುಕೊಂಡೆ. ಹನ್ನೊಂದು ಹೊಡೆಯಿತು. ಆಟಗಾರ ಹೋದ.

ಯಾರಪ್ಪ ಆ ಪುಣ್ಯಾತ್ಮ, ದೇವರು ದಿಂಡರಿಲ್ಲದ ಯಾವುದೋ ದೂರದ ದೇಶದವನಿರಬೇಕು ಅಂತ ಬೈದುಕೊಂಡು ಹೆಸರು ನೋಡುತ್ತಿದ್ದೆ. ಪಕ್ಕದ ಮೇಜಿನಿಂದ ನಮ್ಮ ಟೈಪಿಸ್ಟ್, "ನಾನೇ ಸಾರ್" ಅಂದಳು.

"ರಾಹುಕಾಲದಲ್ಲಾ?"

"ನೀವು ಆ ಹೊತ್ತಲ್ಲಿ ಮುಟ್ಟಲ್ಲ ಅಂತ ಗೊತ್ತಿತ್ತಲ್ಲ ಸಾರ್. ಅದಕ್ಕೇ ಕಾಯ್ತಾ ಇದ್ದೆ."

ಅವತ್ತು ಮನೆಯಲ್ಲಿ, "ಆ ಏಳಡಿಯೋನು ಸಿಕ್ಕಿದ್ನಾ?" ಅಂತ ಮಗಳು ಕೇಳಿದಾಗ, "ಬೇಡ ಅಂತ ಬಿಟ್ಬುಟ್ಟೆ, ಪಾದ ಯಾಕೋ ಸರಿ ಕಾಣಲಿಲ್ಲ" ಅಂದೆ. ಪಾದ ನೋಡಿದವನ ಹಾಗೆ.

೩. ಬೆಟ್ಟದ ಮೇಲೆ ಅರ್ಚನೆ

ಕೊನೆಗೂ ಬುದ್ಧಿ ಬಂದು ಬೆಂಚಿನಲ್ಲಿದ್ದ ಹತ್ತೊಂಬತ್ತರ ಹುಡುಗನನ್ನು ಇಳಿಸಿದೆ. ವಾಲ್ಡೆಮಾರ್ ಸ್ಕ್ರುಪ್ಕಾ ಅಂತ ಅವನ ಹೆಸರು. ಸಾಲಾಗಿ ನಾಲ್ಕು ಪಂದ್ಯ ಗೆದ್ದೆವು. ಐದನೆಯದರಲ್ಲಿ ಅವನ ಮೊಣಕಾಲಿಗೆ ಪೆಟ್ಟು, ಆರು ವಾರ ಆಡುವಂತಿಲ್ಲ ಅಂತ ಕಂಪ್ಯೂಟರ್ ಬರೆಯಿತು. ನನಗೆ ಊಟ ಸೇರಲಿಲ್ಲ.

ಆ ಭಾನುವಾರ, ಮಗಳ ಪರೀಕ್ಷೆ ಹತ್ತಿರ ಬಂತು ಅಂತ ಹೆಂಡತಿ ನನ್ನನ್ನು ಚಾಮುಂಡಿ ಬೆಟ್ಟಕ್ಕೆ ಹೊರಡಿಸಿದಳು. ಅರ್ಚನೆಗೆ ಹೆಸರು, ನಕ್ಷತ್ರ, ಗೋತ್ರ ಕೇಳಿದರು. ಮಗಳದ್ದನ್ನು ಹೆಂಡತಿ ಹೇಳಿದಳು. "ಇನ್ಯಾರಾದ್ರೂ ಇದಾರಾ?" ಅಂದರು ಅರ್ಚಕರು. ನನ್ನ ಬಾಯಿಗೆ ಬೀಗ ಇಲ್ಲ.

"ವಾಲ್ಡೆಮಾರ್ ಸ್ಕ್ರುಪ್ಕಾ" ಅಂದೆ.

ಅರ್ಚಕರು, "ನಕ್ಷತ್ರ?" ಅಂದರು.

"ಗೊತ್ತಿಲ್ಲ ಸ್ವಾಮಿ. ಮೊಣಕಾಲು ನೋವು."

"ಗೋತ್ರ?"

"ಅದೂ ಗೊತ್ತಿಲ್ಲ."

"ಶಿವಗೋತ್ರ ಅಂದ್ಬುಡೋಣ ಬಿಡಿ" ಅಂತ ಅವರು ಮಂತ್ರ ಹೇಳಿ, ಸ್ಕ್ರುಪ್ಕಾ ನಾಮಧೇಯಸ್ಯ ಅಂತ ಒಂದಿಷ್ಟೂ ತೊದಲದೆ ಮುಗಿಸಿದರು. ವಿದ್ವಾಂಸರು.

ಮೆಟ್ಟಿಲಿಳಿಯುವಾಗ ಹೆಂಡತಿ, "ಯಾರ್ರೀ ಅದು?" ಅಂದಳು. ಇಲ್ಲದ ಮನುಷ್ಯನಿಗೆ ಅರ್ಚನೆ ಮಾಡಿಸಿದೆ ಅಂತ ಹೇಳುವುದು ಹೇಗೆ? "ಆಫೀಸಿಗೆ ಹೊಸದಾಗಿ ಬಂದಿರೋ ಸಾಹೇಬರು ಕಣೇ. ಉತ್ತರದ ಕಡೆಯವರು" ಅಂದೆ.

ಅವಳದ್ದು ಮೃದು ಮನಸ್ಸು. ಪ್ರಸಾದ ಬೇರೆ ಕಟ್ಟಿ ಕೊಟ್ಟಳು. ದಿನಾ ಸಂಜೆ, "ಸಾಹೇಬರ ಕಾಲು ಹೆಂಗಿದೆ?" ಅಂತ ವಿಚಾರಿಸಿದಳು. ನೋವಿನೆಣ್ಣೆ ಕಳಿಸಿದಳು. ನನಗೆ ಅವಳ ಮುಖ ನೋಡಲಾಗುತ್ತಿರಲಿಲ್ಲ, ಆದರೂ ಎಣ್ಣೆ ತಗೊಂಡು ಹೋಗುತ್ತಿದ್ದೆ. ಎರಡನೇ ವಾರ, "ಪಾಪ, ಊರು ಬಿಟ್ಟು ಬಂದಿದಾರೆ. ಶನಿವಾರ ಊಟಕ್ಕೆ ಕರೀರಿ, ಒಬ್ಬಟ್ಟು ಮಾಡ್ತೀನಿ" ಅಂದಳು.

ಶುಕ್ರವಾರವೇ ನಾನು ಸ್ಕ್ರುಪ್ಕಾನನ್ನು ಬೀದರ್‌ಗೆ ವರ್ಗ ಮಾಡಬೇಕಾಯಿತು.

೪. ಸನ್ಮಾನ

ಮಗಳ ಶಾಲೆಯ ಆಟದ ಮೇಷ್ಟ್ರು ಕಾಮಾಲೆಯಾಗಿ ಮಲಗಿಬಿಟ್ಟರು. ವಾರದಲ್ಲಿ ಇನ್ನೊಂದು ಶಾಲೆಯ ಹುಡುಗಿಯರ ಜೊತೆ ಪಂದ್ಯ. "ನಮ್ಮಪ್ಪ ಕೋಚ್, ಬೇರೆ ಬೇರೆ ದೇಶದ ಟೀಮ್‌ಗಳನ್ನ ಸೋಲಿಸಿದಾರೆ" ಅಂತ ಮಗಳು ಹೇಳಿದ್ದೇ ತಡ, ಹೆಡ್‌ಮಿಸ್‌ ಪತ್ರ ಕಳಿಸಿದರು. ಆಗಲ್ಲ ಅನ್ನಬೇಕಿತ್ತು. ಪತ್ರ ಕೊಡುವಾಗ ಅವಳ ಮುಖದಲ್ಲಿದ್ದ ಹೆಮ್ಮೆ ನೋಡಿ, "ಆಗಲಿ" ಅಂದುಬಿಟ್ಟೆ.

ಒಂದು ವಾರ ಹೇಗೋ ತಳ್ಳಿದೆ. "ಸಾರ್, ಒಂದು ಸಲ ಎಸೆದು ತೋರಿಸಿ" ಅಂತ ಹುಡುಗಿಯರು ಚೆಂಡು ಹಿಡಿದು ಬಂದರೆ, "ಕೋಚ್ ಆದವನು ಚೆಂಡು ಮುಟ್ಟಬಾರದು ಕಣ್ರಮ್ಮ" ಅನ್ನುತ್ತಿದ್ದೆ. ಅವರು ತಲೆಯಾಡಿಸಿ ಹೋಗುತ್ತಿದ್ದರು.

ಪಂದ್ಯದ ದಿನ ಐದು ಜನರ ಹೆಸರು ಕೊಡಬೇಕು. ಟೀಮಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವವಳು ನನ್ನ ಮಗಳೇ ಅಂತ ಮಿಕ್ಕ ಹುಡುಗಿಯರೇ ಹೇಳಿದರು. ಆದರೆ ನಮ್ಮ ಕಚೇರಿಯಲ್ಲಿ ಒಂದು ಪದ್ಧತಿ. ಸ್ವಂತದವರ ಫೈಲು ಬಂದರೆ ನಾವು ಸಹಿ ಹಾಕುವುದಿಲ್ಲ, ಪಕ್ಕದ ಮೇಜಿಗೆ ತಳ್ಳುತ್ತೇವೆ. ಇಲ್ಲಿ ಪಕ್ಕದ ಮೇಜೇ ಇರಲಿಲ್ಲ. ನಾಳೆ ಯಾರಾದರೂ ಮಗಳಿಗೇ ಅವಕಾಶ ಕೊಟ್ಟುಕೊಂಡ ಅಂದಾರು ಅಂತ ಅವಳನ್ನು ಬೆಂಚಿಗೆ ಕೂರಿಸಿದೆ. "ಸರಿ ಅಪ್ಪ" ಅಂದಳು. ಬಿಗಿಯಾಗಿ ಕಟ್ಟಿದ್ದ ಶೂ ಲೇಸು ಸಡಿಲಿಸಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತಳು.

ಪಂದ್ಯ ಶುರುವಾಯಿತು. ಅಲ್ಲಿಯವರೆಗೆ ನಾನು ಬ್ಯಾಸ್ಕೆಟ್‌ಬಾಲ್ ಪಂದ್ಯ ಅನ್ನೋದನ್ನು ಕಣ್ಣಿಂದ ನೋಡಿರಲಿಲ್ಲ, ಸ್ಕೋರು ಓದಿದ್ದೆ ಅಷ್ಟೇ. ಸೀಟಿ ಊದಿದರು. ಚೆಂಡನ್ನು ಎದುರಾಳಿಗೆ ಕೊಟ್ಟರು.

"ಯಾಕೆ ಊದಿದ್ರು?" ಅಂತ ಬಾಯಿ ತಪ್ಪಿ ಕೇಳಿಬಿಟ್ಟೆ.

ಮಗಳು ನನ್ನ ಮುಖ ನೋಡಿದಳು. ಆಮೇಲೆ ಕಿವಿಯ ಹತ್ತಿರ ಬಂದು, "ಬುಟ್ಟಿ ಕೆಳಗೆ ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲೋ ಹಾಗಿಲ್ಲಪ್ಪ" ಅಂದಳು.

ಅಲ್ಲೇ ನಿಂತಿರು, ಏನೇ ಆದರೂ ಕದಲಬೇಡ ಅಂತ ಬುಟ್ಟಿ ಕೆಳಗಿದ್ದ ಹುಡುಗಿಗೆ ಹೇಳಿದ್ದವನು ನಾನೇ. ಎದ್ದು ಮನೆಗೆ ಹೋಗಿಬಿಡೋಣ ಅನ್ನಿಸಿತು.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಅವಳು ಪ್ರತಿ ಸೀಟಿಗೂ ಬಗ್ಗಿ ಕಿವಿಯಲ್ಲಿ ಕಾರಣ ಹೇಳುತ್ತಾ ಹೋದಳು. ನಮ್ಮವರು ಹಿಂದೆ ಬಿದ್ದಾಗ, "ಈಗ ಟೈಮ್ ಔಟ್ ತಗೋಪ್ಪ" ಅಂದಳು.

"ಯಾರಿಗೆ ಬರೆದು ಕೊಡಬೇಕು?"

"ಬರೆಯೋದೇನೂ ಬೇಡ. ಆ ಟೇಬಲ್ ಹತ್ರ ಹೋಗಿ ಕೇಳು, ಸಾಕು."

ಹಾಫ್ ಟೈಮ್ ಆಯಿತು. ಆಟ ಮತ್ತೆ ಶುರುವಾಗಿ ಎರಡು ನಿಮಿಷಕ್ಕೆ ಚೆಂಡು ಬುಟ್ಟಿಗೆ ಬಿತ್ತು. ಸದ್ಯ, ನಮ್ಮವರು ಚಿಗುರಿಕೊಂಡರು ಅಂತ ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟಿದೆ. ನಮ್ಮ ಸಾಲಿನಲ್ಲಿ ನನ್ನದೊಂದೇ ಚಪ್ಪಾಳೆ. ಮಗಳು ಅಂಗಿ ಹಿಡಿದು ಕೆಳಗೆ ಎಳೆದಳು.

"ಹಾಫ್ ಟೈಮ್ ಆದ್ಮೇಲೆ ಬುಟ್ಟಿ ಬದಲಾಗುತ್ತಪ್ಪ. ಈಗ ಹಾಕಿದ್ದು ಅವರು."

ಆಗ ನನಗೆ ತಡೆಯಲಾಗಲಿಲ್ಲ. ಈ ಮಗು ಆಡಬೇಕಾದ ಹೊತ್ತಿನಲ್ಲಿ ಇಲ್ಲಿ ಕೂತು ನನಗೆ ಪಾಠ ಹೇಳುತ್ತಿದೆ, ಇಷ್ಟು ದಿನ ನಾನು ಇದಕ್ಕೆ ಸುಳ್ಳು ಹೇಳಿದ್ದೇನೆ ಅನ್ನಿಸಿತು. "ಯಾರು ಏನಾದ್ರೂ ಅಂದ್ಕೊಳ್ಳಲಿ, ನೀನು ಹೋಗಿ ಆಡು ಕಣಮ್ಮ" ಅಂದೆ.

ಅವಳು ಲೇಸು ಕಟ್ಟಲು ಬಗ್ಗಿದಳು. ಹಿಂದಿನ ಸಾಲಿನಲ್ಲಿದ್ದ ಮಕ್ಕಳ ಅಪ್ಪ ಅಮ್ಮಂದಿರ ಕಡೆ ಒಂದು ಸಲ ನೋಡಿದಳು. ಮತ್ತೆ ನೆಟ್ಟಗೆ ಕೂತಳು.

"ನಾನು ಹೋದ್ರೆ ನಿನಗೆ ಹೇಳಿಕೊಡೋರು ಯಾರಪ್ಪ?"

ಸೋತೆವು. ಚೆನ್ನಾಗಿಯೇ ಸೋತೆವು. ಮೆಲ್ಲಗೆ ಸ್ಕೂಟರಿನ ಕಡೆಗೆ ಜಾರಿಕೊಳ್ಳುತ್ತಿದ್ದವನನ್ನು ಹೆಡ್‌ಮಿಸ್‌ ಹಿಡಿದು ವೇದಿಕೆಗೆ ಕರೆದೊಯ್ದರು. ಗೆದ್ದರೆ ಹಾಕಬೇಕು ಅಂತ ತರಿಸಿಟ್ಟಿದ್ದ ಮೈಸೂರು ಪೇಟ ಇತ್ತಂತೆ. ಮೈಕಿನಲ್ಲಿ ಹೇಳಿದರು: "ಸೋಲು ಗೆಲುವು ಇದ್ದದ್ದೇ. ಸ್ವಂತ ಮಗಳನ್ನೇ ಬೆಂಚಿನಲ್ಲಿ ಕೂರಿಸೋ ನಿಷ್ಪಕ್ಷಪಾತ ಗುಣ ಎಷ್ಟು ಜನರಿಗಿದೆ? ಎದುರಾಳಿ ಅಂಕ ಗಳಿಸಿದಾಗ ಎದ್ದು ನಿಂತು ಚಪ್ಪಾಳೆ ತಟ್ಟೋ ದೊಡ್ಡ ಮನಸ್ಸು ಎಷ್ಟು ಜನರಿಗಿದೆ? ಆ ಮಗಳನ್ನೂ ನೋಡಿ. ಆಡೋಕೆ ಸಿಗಲಿಲ್ಲ ಅಂತ ಮುನಿಸ್ಕೊಳ್ಳದೆ, ಪಂದ್ಯ ಮುಗಿಯೋವರೆಗೂ ತಂದೆಯ ಪಕ್ಕ ಕೂತು ಒಂದೊಂದನ್ನೂ ಕೇಳಿ ಕೇಳಿ ಕಲೀತಿದ್ಲು."

ಪೇಟ ತೊಡಿಸಿದರು. ನಾನು ತಲೆ ತಗ್ಗಿಸಿದೆ. ವಿನಯ ಅಂತ ತಿಳಿದು ಇನ್ನೂ ಚಪ್ಪಾಳೆ ಹೊಡೆದರು. ಎಲ್ಲರಿಗಿಂತ ಜೋರಾಗಿ ಹೊಡೆದವಳು ನನ್ನ ಮಗಳು.

ಪೇಟ ತೊಟ್ಟೇ ಸ್ಕೂಟರಿನಲ್ಲಿ ಮಗಳ ಜೊತೆ ಮನೆಗೆ ಬಂದೆ. ಮನೆ ಬಾಗಿಲಿಗೆ ಬಂದ ಹೆಂಡತಿ ಪೇಟ ನೋಡಿ ದೃಷ್ಟಿ ತೆಗೆದಳು. "ಹೆಂಗಿತ್ತೇ ನಿಮ್ಮಪ್ಪನ ಕೋಚಿಂಗು?" ಅಂತ ಮಗಳನ್ನು ಕೇಳಿದಳು.

ಮಗಳು ಶೂ ಬಿಚ್ಚುತ್ತಾ ಹೇಳಿದಳು: "ಪರವಾಗಿಲ್ಲಮ್ಮ. ಅಪ್ಪ ಬೇಗ ಕಲೀತಾರೆ."