ನನ್ನ ಎಡಗಡೆಯವರು

ಒಂದು ವಾಕ್ಯ ಹೇಳಿದ ಬೆನ್ನಿಗೇ ಇನ್ನೊಂದು ವಾಕ್ಯ ಹೇಳುವುದು ನನ್ನಿಂದ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ನಿಮಗೂ ನೆಮ್ಮದಿ, ನನಗೂ ನೆಮ್ಮದಿ. ತೊದಲು ಎಂದುಕೊಳ್ಳಬೇಡಿ, ನಾಲಿಗೆ ಸರಿಯಾಗಿಯೇ ಇದೆ. ಒಂದು ವಾಕ್ಯ ಮುಗಿಸುತ್ತೇನೆ, ಎಡಗಡೆಗೆ ಸ್ವಲ್ಪ ತಿರುಗುತ್ತೇನೆ, ‘ಇನ್ನು ನೀವು’ ಎನ್ನುವಂತೆ ತಲೆಯಾಡಿಸುತ್ತೇನೆ, ಆಮೇಲೆ ಕೈಕಟ್ಟಿ ಸುಮ್ಮನೆ ನಿಲ್ಲುತ್ತೇನೆ. ಎಡಗಡೆ ಯಾರಾದರೂ ಇದ್ದರೆ ಅವರಿಗೆ ಗಾಬರಿ, ಯಾರೂ ಇಲ್ಲದಿದ್ದರೆ ಎದುರಿಗಿದ್ದವರಿಗೆ ಗಾಬರಿ. ಮಾಡಿದ ಕೆಲಸ ಮನುಷ್ಯನ ಮೈಗೆ ಅಂಟಿಕೊಂಡುಬಿಡುತ್ತದೆ. ನಮ್ಮಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ನಿವೃತ್ತರಾದ ಮೇಲೂ ಸಂತೆಗೆ ಹೊರಟರೆ ಗೇಟಿನ ಹತ್ತಿರ ನಿಂತು ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ ನೋಡಿ, ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆಯೇ ಹೆಜ್ಜೆ ಕಿತ್ತಿಡುತ್ತಿದ್ದರು. ಜೊತೆಯಲ್ಲಿ ಇರುತ್ತಿದ್ದುದು ಒಂದು ಕೈಚೀಲ ಮಾತ್ರ. ಅಂಥವರ ಮಗನಾದ ನನಗೆ ಈ ಎಡಗಡೆಯ ರೋಗ ಅಂಟಿದ್ದು ಮಿಷನರಿ ಕೆಲಸದಿಂದ.

ನಾವು ಗದಗಿನ ಕಡೆಯ ಕ್ರೈಸ್ತರು. ಅಪ್ಪನಿಗೆ ಮದ್ರಾಸಿಗೆ ವರ್ಗವಾಗಿ, ಪುರಸೈವಾಕ್ಕಂನ ಅಂಗಡಿಬೀದಿಯ ಹಿಂದಿನ ಓಣಿಯೊಂದರಲ್ಲಿ ಮನೆ ಮಾಡಿದರು. ನಾನು ಹುಟ್ಟಿದ್ದು, ಬೆಳೆದದ್ದು ಅಲ್ಲಿಯೇ. ಮನೆಯೊಳಗೆ ಅವ್ವನ ಗದಗಿನ ಕನ್ನಡ, ಹೊಸಲು ದಾಟಿದರೆ ತಮಿಳು, ಶಾಲೆಯಲ್ಲಿ ಇಂಗ್ಲಿಷ್. ಹೀಗೆ ಮೂರು ಭಾಷೆಗಳಲ್ಲೂ ಅರೆಬರೆ ಪಂಡಿತನಾದೆ. ತೊಂಬತ್ತರ ದಶಕ ಮುಗಿಯುತ್ತಿದ್ದಾಗ ಡಿಗ್ರಿ ಮುಗಿಸಿ, “ನನಗೆ ಕರೆ ಬಂದಿದೆ” ಎಂದು ಮನೆಯಲ್ಲಿ ಹೇಳಿದೆ. “ಯಾವ ಬ್ಯಾಂಕಿಂದು?” ಎಂದು ಅಪ್ಪ ಕೇಳಿದರು. ದೇವರದು ಎಂದು ತಿಳಿದ ಮೇಲೆ ಬೇಡವೆನ್ನಲೂ ಆಗದೆ, ಬೇಕೆನ್ನಲೂ ಆಗದೆ ಪೇಪರು ಓದತೊಡಗಿದರು. ಒಂದು ಸಂಸ್ಥೆಯವರು ನನ್ನನ್ನು ಸೇರಿಸಿಕೊಂಡು ನೇಪಾಳ, ಶ್ರೀಲಂಕಾ, ಫಿಲಿಪ್ಪೀನ್ಸ್, ಕೀನ್ಯಾ ಎಂದು ತಿರುಗಿಸಿದರು. ಎಲ್ಲಿ ಹೋದರೂ ಕ್ರಮ ಒಂದೇ. ಪ್ರಸಂಗಕ್ಕೆ, ಅಂದರೆ ದೇವರ ವಾಕ್ಯದ ಉಪದೇಶಕ್ಕೆ, ನಿಂತಾಗ ನಾನು ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಬೇಕು, ಎಡಗಡೆ ನಿಂತ ಅನುವಾದಕರು ಅದನ್ನು ಅಲ್ಲಿಯ ಭಾಷೆಯಲ್ಲಿ ಹೇಳಬೇಕು. ಅವರು ಹೇಳುವಷ್ಟು ಹೊತ್ತು ನನಗೆ ಬಿಡುವು. ಮುಂದೇನು ಹೇಳುವುದು ಎಂದು ಯೋಚಿಸಬಹುದು, ಬೆವರು ಒರೆಸಬಹುದು, ಊಟಕ್ಕೇನು ಮಾಡಿರಬಹುದು ಎಂದು ವಾಸನೆ ಹಿಡಿಯಬಹುದು. ನನ್ನಂಥ ನಿಧಾನ ತಲೆಯವನಿಗೆ ಇದಕ್ಕಿಂತ ಸುಖ ಬೇರೆ ಇಲ್ಲ.

ಅನುವಾದಕರಲ್ಲೂ ನಾನಾ ನಮೂನೆ. ನೇಪಾಳದ ಒಬ್ಬರು ನನಗಿಂತ ಮೊದಲು ಎಷ್ಟೋ ಹುಡುಗ ಪ್ರಸಂಗಿಗಳನ್ನು ಕಂಡಿದ್ದರು. ಮಾತಿನಲ್ಲಿ ನಾವೆಲ್ಲ ಕೊನೆಗೆ ಎಲ್ಲಿಗೆ ಹೋಗಿ ಮುಟ್ಟುತ್ತೇವೆಂದು ಗೊತ್ತಿದ್ದರಿಂದ ಅವರು ಮೊದಲೇ ಅಲ್ಲಿಗೆ ಹೋಗಿ ಕಾಯುತ್ತಿದ್ದರು, ನಾನು ಏದುಸಿರು ಬಿಡುತ್ತ ಹಿಂದಿನಿಂದ ಸೇರಿಕೊಳ್ಳುತ್ತಿದ್ದೆ. ಫಿಲಿಪ್ಪೀನ್ಸಿನಲ್ಲಿ ಮರಿಸ್ಸಾ ಎಂಬ ಹೆಣ್ಣುಮಗಳು ನನಗೆ ಅನುವಾದ ಮಾಡುತ್ತಿದ್ದಳು. ನಾನು ದುಃಖದ ಭಾಗಕ್ಕೆ ಬರುವ ಮೊದಲೇ ಅವಳ ಕಣ್ಣಲ್ಲಿ ನೀರು. ನನ್ನ ಮೂರು ಪದಕ್ಕೆ ಅವಳದು ಒಂದು ಪುಟ. “ಅಷ್ಟು ಹೊತ್ತು ಏನು ಹೇಳುತ್ತೀ?” ಎಂದು ಒಮ್ಮೆ ಕೇಳಿದೆ. “ನೀನು ಹೇಳಿದ್ದನ್ನೇ. ನೀನು ಹೇಳಬೇಕಾಗಿದ್ದದ್ದನ್ನೂ ಸ್ವಲ್ಪ ಸೇರಿಸುತ್ತೇನೆ” ಎಂದಳು. ನನಗೆ ಸಿಟ್ಟು ಬರಬೇಕಿತ್ತು. ಆದರೆ ಜನ ಬಂದು ಕೈ ಕುಲುಕುತ್ತಿದ್ದುದು ನನ್ನದೇ ಆದ್ದರಿಂದ ಬರಲಿಲ್ಲ.

ಶ್ರೀಲಂಕಾದ ಚಹಾ ತೋಟದ ಚರ್ಚ್ ಸಭೆಯಲ್ಲಂತೂ ಜನರೆಲ್ಲ ತಮಿಳರು. ನಾನೇ ತಮಿಳಿನಲ್ಲಿ ಮಾತನಾಡಬಹುದಿತ್ತು. ಆದರೆ ಅನುವಾದ ಮಾಡಲೆಂದು ಅಲ್ಲಿಯ ಹಿರಿಯರೊಬ್ಬರು ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬಂದು ನಿಂತಿದ್ದರು. ಅವರ ಮುಖ ನೋಡಿ ತಮಿಳು ನುಂಗಿಕೊಂಡೆ. “ದೇವರು ಎಲ್ಲವನ್ನೂ ನೋಡುತ್ತಿದ್ದಾನೆ” ಎಂದು ಇಂಗ್ಲಿಷಿನಲ್ಲಿ ಹೇಳಿ ಎಡಕ್ಕೆ ತಲೆಯಾಡಿಸಿದೆ. ಅವರು ಗಂಟಲು ಸರಿಮಾಡಿಕೊಂಡು ತಮಿಳಿನಲ್ಲಿ ಸಾರಿದ್ದು ಇದು: “ಕ್ರಿಸ್‌ಮಸ್ಸಿಗೆ ಸಭೆಯ ಅಡುಗೆಯ ದೊಡ್ಡ ಹಂಡೆ, ಆ ಅಂಡಾ, ಒಯ್ದವರು ಇನ್ನೂ ವಾಪಸ್ ತಂದಿಲ್ಲ, ದೇವರು ಅದನ್ನೂ ನೋಡುತ್ತಿದ್ದಾನೆ ಎಂದು ಹೇಳಲಿಕ್ಕೆ ಈ ತಂಬಿ ಸಮುದ್ರ ದಾಟಿ ಬಂದಿದ್ದಾರೆ.” ಮರುದಿನ ಬೆಳಿಗ್ಗೆ ಅಂಡಾ ಫಳಫಳ ತೊಳೆಸಿಕೊಂಡು ದೇವಾಲಯದ ಬಾಗಿಲಲ್ಲಿ ಕೂತಿತ್ತು. ನನ್ನ ಪ್ರಸಂಗದಿಂದ ಆದ ಪಶ್ಚಾತ್ತಾಪಗಳಲ್ಲಿ ನಾನು ಕಣ್ಣಾರೆ ಕಂಡದ್ದು ಅದೊಂದೇ.

ಹೀಗೆ ಕೆಲವು ವರ್ಷ ತಿರುಗಿ ರಜೆಯ ಮೇಲೆ ಚೆನ್ನೈಗೆ ಬಂದಾಗಲೇ ರೋಗ ಎಷ್ಟು ಬಲಿತಿದೆ ಎಂದು ತಿಳಿದದ್ದು. ಮೊದಲ ದಿನ ಊಟಕ್ಕೆ ಕೂತು “ಅವ್ವಾ, ಸಾರು ಭಾಳ ಛಲೋ ಆಗೇತಿ” ಎಂದು ಎಡಕ್ಕೆ ತಿರುಗಿ ತಲೆಯಾಡಿಸಿದೆ. ಅಲ್ಲಿದ್ದದ್ದು ಫ್ರಿಜ್ಜು. ಅವ್ವ ಎದ್ದು ಅದರ ಬಾಗಿಲು ತೆಗೆದು, “ಮೊಸರು ಬೇಕೇನು?” ಎಂದಳು. ಅಪ್ಪ ನನ್ನನ್ನು ದಿಟ್ಟಿಸಿ ನೋಡಿ, “ಕೀನ್ಯಾದಾಗ ಬಿಸಲು ಭಾಳ ಅಂತ” ಎಂದಷ್ಟೇ ಹೇಳಿದರು.

ಇದು ಮನೆಯೊಳಗಿನ ತಮಾಷೆಯಾಗಿಯೇ ಉಳಿಯುತ್ತಿತ್ತೇನೋ. ಆದರೆ ಸಂಸ್ಥೆಯವರು ನನ್ನನ್ನು ಮುಂದೆ ಮಂಗೋಲಿಯಾಕ್ಕೆ ಕಳಿಸುವುದೆಂದು ತೀರ್ಮಾನಿಸಿದ್ದರು. ನಮ್ಮ ಸ್ವಂತ ಸಭೆಯವರೇ ‘ಈ ಹುಡುಗ ನಮಗೆ ಬೇಕು’ ಎಂದು ಕೇಳಿಕೊಂಡರೆ ಮಾತ್ರ ಚೆನ್ನೈಯಲ್ಲಿ ಬಿಡುತ್ತಾರಂತೆ. ಮಂಗೋಲಿಯಾದಲ್ಲಿ ಹಾಲು ಕಲ್ಲಿನಂತೆ ಹೆಪ್ಪುಗಟ್ಟುತ್ತದೆ ಎಂದು ಯಾರೋ ಅವ್ವನಿಗೆ ಹೇಳಿದ್ದರು. ಅವಳು ಮೇ ತಿಂಗಳ ಉರಿಬಿಸಿಲಿನಲ್ಲಿ ನನ್ನನ್ನು ಅಂಗಡಿಬೀದಿಗೆ ಎಳೆದುಕೊಂಡು ಹೋಗಿ ಮಂಕಿ ಕ್ಯಾಪ್ ಕೇಳಿದಳು. ಅಂಗಡಿಯವನು ಮೂಟೆಯ ತಳದಿಂದ ಒಂದನ್ನು ಹುಡುಕಿ ತೆಗೆದು ಬೆಲೆ ಹೇಳಿದ. ನಾನು “ಜಾಸ್ತಿಯಾಯಿತು” ಎಂದು ತಮಿಳಿನಲ್ಲಿ ಹೇಳಿ, ಅಭ್ಯಾಸದಂತೆ ಎಡಕ್ಕೆ ತಲೆಯಾಡಿಸಿ ಸುಮ್ಮನೆ ನಿಂತೆ. ಅವನು ಕಾದ. ನಾನೂ ಕಾದೆ. ನನ್ನ ಮೌನಕ್ಕೆ ಅವನ ಧೈರ್ಯ ಕುಸಿದು, “ಸರಿ ಸಾರ್, ಕೊರಚ್ಚು ತರೇನ್” ಎಂದು ತಾನಾಗಿಯೇ ಬೆಲೆ ಇಳಿಸಿದ. ಅವ್ವನಿಗೆ ಖುಷಿಯಾಗಬೇಕಿತ್ತು. ಅವಳು ಮಾತ್ರ ಆ ಟೋಪಿಯನ್ನು ಎದೆಗೆ ಒತ್ತಿ ಹಿಡಿದು ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡಳು. ನನಗೂ ಸಾಕಾಗಿತ್ತು. ಮನೆಯಲ್ಲಿರಬೇಕು, ಅವ್ವನ ಕೈಯ ರೊಟ್ಟಿ ತಿನ್ನಬೇಕು ಎನಿಸುತ್ತಿತ್ತು. ಆದರೆ ಕರೆ ಬಂದಿದೆ ಎಂದು ಗತ್ತಿನಿಂದ ಹೊರಟವನು ರೊಟ್ಟಿಗಾಗಿ ವಾಪಸ್ ಬಂದೆ ಎಂದು ಯಾವ ಬಾಯಲ್ಲಿ ಹೇಳುವುದು?

ನಮ್ಮ ಕನ್ನಡ ಸಭೆ ಚಿಕ್ಕದು. ತಮಿಳು ಆರಾಧನೆ ಮುಗಿದ ಮೇಲೆ ಅದೇ ದೇವಾಲಯದಲ್ಲಿ ನಾವು ಸೇರುತ್ತಿದ್ದೆವು. ರೈಲ್ವೆಯವರು, ಬ್ಯಾಂಕಿನವರು, ಅಂಬತ್ತೂರಿನ ಕಾರ್ಖಾನೆಗಳಲ್ಲಿ ದುಡಿಯುವವರು, ಮತ್ತು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಅವರ ಮಕ್ಕಳು. ಸಭಾ ಹಿರಿಯರಲ್ಲಿ ಮುಖ್ಯರಾದವರು ಜಯವಂತ ಮಾಮಾ. ಬ್ಯಾಂಕಿನಲ್ಲಿದ್ದವರಾದ್ದರಿಂದ ಯಾವುದನ್ನೂ ಪರೀಕ್ಷಿಸದೆ ಒಪ್ಪುವವರಲ್ಲ. “ಒಂದ ಪ್ರಸಂಗ ಮಾಡ್ಲಿ, ನೋಡೂಣು” ಎಂದರು. ನಾನು ಅಪ್ಪನ ಸಹಾಯದಿಂದ ಶುದ್ಧ ಗ್ರಂಥಸ್ಥ ಕನ್ನಡದಲ್ಲಿ ಪ್ರಸಂಗ ಬರೆದು ಬಾಯಿಪಾಠ ಮಾಡಿದೆ. ಎಲ್ಲ ಬಾಯಿಪಾಠವಾಗಿತ್ತು. ಎಡಗಡೆ ಯಾರೂ ಇರುವುದಿಲ್ಲ ಎಂಬ ಒಂದು ಸಂಗತಿ ಮಾತ್ರ ನನಗೆ ಹೊಳೆದಿರಲಿಲ್ಲ.

ಭಾನುವಾರ ಎದ್ದು ನಿಂತು, “ಪ್ರಿಯ ದೇವಜನರೇ, ಸಂಚಾರಿಯಾದ ಮನುಷ್ಯನು ತನ್ನ ನೆಲೆಗಾಗಿ ಹಂಬಲಿಸುತ್ತಾನೆ” ಎಂದೆ. ಎಡಕ್ಕೆ ತಿರುಗಿದೆ, ತಲೆಯಾಡಿಸಿದೆ, ನಿಂತೆ. ಎಡಗಡೆ ಗೋಡೆಯ ಮೇಲೆ ಫ್ಯಾನಿನ ಸ್ವಿಚ್ಚುಗಳಿದ್ದವು. ಅವುಗಳ ಪಕ್ಕ ಕೂತಿದ್ದವರು ಅರ್ಥವಾದವರಂತೆ ಎದ್ದು ಫ್ಯಾನು ಜೋರು ಮಾಡಿದರು. ನನ್ನ ತಲೆ ಖಾಲಿಯಾಯಿತು. ಅನುವಾದದ ಹೊತ್ತಿಲ್ಲದೆ ಎರಡನೆಯ ವಾಕ್ಯ ಮೇಲಕ್ಕೆ ಬರುತ್ತಲೇ ಇಲ್ಲ. ಹೇಗೋ ಮೊದಲನೆಯದನ್ನೇ ಇನ್ನೊಮ್ಮೆ ಹೇಳಿ ಮತ್ತೆ ತಲೆಯಾಡಿಸಿದೆ. ಅವರು ಎದ್ದು ಫ್ಯಾನು ಕಡಿಮೆ ಮಾಡಿದರು. ಮುಂದಿನ ಸಾಲಿನಲ್ಲಿ ಅಪ್ಪ, ಸಿಗ್ನಲ್ ಬೀಳದೆ ನಿಂತ ಗಾಡಿಯ ಗಾರ್ಡಿನಂತೆ ಕೈಗಡಿಯಾರ ನೋಡಿಕೊಂಡರು. ಹೆಂಗಸರ ಕಡೆ ಒಬ್ಬರು ಹುಡುಗನಿಗೆ ದುಃಖ ಉಮ್ಮಳಿಸಿದೆ ಎಂದು ತಿಳಿದು ತಾವೂ ಮೂಗೊರೆಸಿಕೊಂಡರು. ಜಯವಂತ ಮಾಮಾ ಛಾವಣಿ ನೋಡತೊಡಗಿದರು. ನನಗೆ ಮಂಗೋಲಿಯಾದ ಹಿಮ ಕಣ್ಣಿಗೆ ಕಟ್ಟಿತು.

ಆಗ ಅವ್ವ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡು ಸೀದಾ ಬಂದವಳೇ ನನ್ನ ಎಡಗಡೆ ನಿಂತು, “ಅವಾ ಏನ್ ಹೇಳಾಕತ್ತಾನಂದ್ರ” ಎಂದು ಶುರುಮಾಡಿದಳು, “ಊರೂರು ತಿರುಗಿ ತಿರುಗಿ ಸಾಕಾಗೇತಿ ಅಂತಾನ. ಸಿಕ್ಕದ್ದು ತಿಂದು ಹೊಟ್ಟಿ ಕೆಟ್ಟೈತಿ ಅಂತಾನ. ಇನ್ನ ಇಲ್ಲೇ ನಮ್ಮ ಮಂದ್ಯಾಗ ಇರ್ತೀನಿ ಅಂತಾನ.” ಆಮೇಲೆ ಮಕ್ಕಳ ಕಡೆ ತಿರುಗಿ, ಅರ್ಥವಾಯಿತೇ ಎಂದು ತಮಿಳಿನಲ್ಲಿ, “ಪುರಿಯುದಾ ಕಣ್ಣುಂಗಳಾ?” ಎಂದಳು. ಮಕ್ಕಳು ಈ ಅಜ್ಜಿಗೆ ಒಕ್ಕೊರಲಿನಿಂದ “ಪುರಿಯುದು ಪಾಟ್ಟಿ!” ಎಂದವು. ನಾನು ಅದ್ಯಾವುದನ್ನೂ ಹೇಳಿರಲಿಲ್ಲ. ಆದರೆ ಎಲ್ಲವೂ ನಿಜವಾಗಿತ್ತು. ನಾಚಿಕೆಯಿಂದ ಕಿವಿ ಬಿಸಿಯಾದರೂ ಒಳಗೆ ಹೇಳಲಾರದಷ್ಟು ಹಗುರವಾಯಿತು. ಎಡಗಡೆ ಜನ ಬಂದ ಕೂಡಲೇ ನನ್ನ ಎರಡನೆಯ ವಾಕ್ಯವೂ ಬಂತು, ಮೂರನೆಯದೂ ಬಂತು. ನನ್ನ ಗ್ರಂಥಸ್ಥ ಕನ್ನಡ ಅವ್ವನ ಬಾಯಲ್ಲಿ ಗದಗಿನ ಕನ್ನಡವಾಗಿ, ಜೊತೆಗೆ ಪುರಸೈವಾಕ್ಕಂನ ತಮಿಳೂ ಬೆರೆತು ಸಭೆಯ ಮೇಲೆ ಸುರಿಯಿತು. ಸಭೆಯಲ್ಲಿ ಅಷ್ಟೊಂದು ನಗು ನಾನು ಕೇಳಿರಲೇ ಇಲ್ಲ. “ನಾವು ಪಡೆದುಕೊಂಡದ್ದನ್ನು ಎಂದಿಗೂ ಮರೆಯಬಾರದು” ಎಂದೆ. ಅವ್ವ, “ಅಂದ್ರ, ಇಸಗೊಂಡ ಸಾಮಾನು ಹೊಳ್ಳಿ ಕೊಡಬೇಕು ಅಂತಾನ. ನಮ್ಮ ಇಡ್ಲಿ ಪಾತ್ರೆ ಯಾರ ಮನ್ಯಾಗೈತಿ, ನಾ ಹೆಸರು ಹೇಳೂದಿಲ್ಲ” ಎಂದಳು. ಜಯವಂತ ಮಾಮಾರ ಹೆಂಡತಿ ಪ್ರಾರ್ಥನೆಯ ಹೊತ್ತು ಅಲ್ಲದಿದ್ದರೂ ಕಣ್ಣು ಮುಚ್ಚಿದರು.

ಸಂಜೆ ಜಯವಂತ ಮಾಮಾ ಮನೆಗೆ ಬಂದರು. ಕಂಕುಳಲ್ಲಿ ಇಡ್ಲಿ ಪಾತ್ರೆ ಇತ್ತು. ಅದನ್ನು ಮಾತಿಲ್ಲದೆ ಅವ್ವನ ಕೈಗಿತ್ತು, ಕಾಫಿ ಕುಡಿದು, “ಹಿರಿಯರೆಲ್ಲ ಕೂಡಿ ಮಾತಾಡಿದ್ವಿ. ಎಲ್ಲಾರೂ ಒಪ್ಪ್ಯಾರ. ಹುಡುಗರು ಇದ ಮೊದಲ ಸಲ ಪ್ರಸಂಗದಾಗ ಎಚ್ಚರ ಇದ್ದವು” ಎಂದರು. ಅಪ್ಪ ಹಸಿರು ಬಾವುಟ ಕಂಡವರಂತೆ ಎದ್ದು ನಿಂತರು. ನಾನು ವಿನಯದಿಂದ ತಲೆ ತಗ್ಗಿಸಿದೆ. “ಅದಕ್ಕ ಅಕ್ಕಾರ, ನೀವು ಪ್ರತಿ ಐತವಾರ ಮಾತಾಡಬೇಕು” ಎಂದು ಮಾಮಾ ಅವ್ವನಿಗೆ ಕೈ ಮುಗಿದರು. “ಮತ್ತ ನಮ್ಮ ಹುಡುಗ?” ಎಂದಳು ಅವ್ವ. “ಅವನೂ ಇರ್ಲಿ. ಅವಾ ಇಲ್ಲಂದ್ರ ನೀವು ಬಿಡಿಸಿ ಹೇಳೂದು ಯಾರ ಮಾತು?” ಎಂದರು ಮಾಮಾ. ಹೀಗೆ ನಾನು ಚೆನ್ನೈಯಲ್ಲಿ ಉಳಿದೆ. ಮಂಕಿ ಕ್ಯಾಪ್ ಅವ್ವನ ಮಿಕ್ಸಿಗೆ ಮುಸುಕಾಯಿತು.

ಕೆಲವು ವರ್ಷ ಕಳೆದ ಮೇಲೆ ಮರಿಸ್ಸಾ ಯಾವುದೋ ಸಮ್ಮೇಳನಕ್ಕೆಂದು ಚೆನ್ನೈಗೆ ಬಂದವಳು ನಮ್ಮ ಮನೆಗೂ ಬಂದಳು. ಅವ್ವ ಅವಳಿಗೆ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಅವ್ವನಿಗೆ ಇಂಗ್ಲಿಷ್ ಬಾರದು, ಮರಿಸ್ಸಾಗೆ ಕನ್ನಡ ಬಾರದು. ಆದ್ದರಿಂದ ನಡುವೆ ನಾನು. ಅದೇ ಮೊದಲ ಸಲ ನಾನು ಒಬ್ಬರ ಎಡಗಡೆ ಕೂತದ್ದು. “ನಿಮ್ಮ ಮಗ ಈಗ ಹೇಗೆ ಪ್ರಸಂಗ ಮಾಡುತ್ತಾನೆ?” ಎಂದು ಮರಿಸ್ಸಾ ಕೇಳಿದಳು. ಅವ್ವ ತಡಮಾಡಲಿಲ್ಲ. “ಏನ್ ಪ್ರಸಂಗ ತಗೀರಿ! ಒಂದ ಮಾತು ಒಗದು ಕಂಬದಂಗ ನಿಂದರ್ತಾನ. ಉಳಿದದ್ದೆಲ್ಲಾ ನಾನ ಹೇಳಬೇಕು. ದೇಶ ದೇಶ ತಿರುಗಿ ಕಲತಿದ್ದು ಇಷ್ಟ. ಈ ಹುಡುಗಿ ಹೆಂಗ ಸಹಿಸಿದ್ಲೋ ಏನೋ ಪಾಪ” ಎಂದಳು. ಎಂದು, ನನ್ನ ಕಡೆ ತಿರುಗಿ, ‘ಇನ್ನು ನೀನು’ ಎನ್ನುವಂತೆ ತಲೆಯಾಡಿಸಿದಳು.

ನಾನು ಗಂಟಲು ಸರಿಮಾಡಿಕೊಂಡೆ. “ಬಹಳ ಚೆನ್ನಾಗಿ ಮಾಡುತ್ತಾನೆ ಎನ್ನುತ್ತಾಳೆ” ಎಂದೆ.

ಮರಿಸ್ಸಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅವ್ವನ ಮುಖ ನೋಡಿದಳು, ನನ್ನ ಮುಖ ನೋಡಿದಳು. “ಅಷ್ಟು ಹೊತ್ತು ಹೇಳಿದ್ದು ಇಷ್ಟೇನಾ?” ಎಂದಳು.

“ಇಷ್ಟೇ” ಎಂದೆ.