ಹಿಡಿತದ ಅಗಲ, ಮುದ್ದೆಯ ಕೋಲು

ಬಂಗಾರಪೇಟೆಯ ಜಿಮ್ಮಿನಲ್ಲಿ ಒಬ್ಬರಿಗೂ ಮಿಲಿಮೀಟರಿನ ಪರಿವೆಯಿಲ್ಲ ಎಂಬುದು ಚೆನ್ನಕೇಶವರ ಕೊರಗು. ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವ ಇನ್‌ಸ್ಪೆಕ್ಟರ್ ಅವರು. ಜಿಮ್ಮಿನ ಒಡೆಯ, ಅವರ ಹೆಂಡತಿಯ ತಮ್ಮ ಮಂಜೇಶ, ಭಾವನನ್ನು ಬೆಂಚಿನ ಮೇಲೆ ಮಲಗಿಸಿ ಕೈಗೆ ಸರಳು ಕೊಟ್ಟು, "ಅಗ್ಲುಕ್ಕೆ ಇಡ್ಕೊಂಡ್ರೆ ಎದೆಗೆ ಕೆಲ್ಸ, ಕಿರಿದಾಗಿ ಇಡ್ಕೊಂಡ್ರೆ ತೋಳಿಗೆ" ಎಂದಿದ್ದ.

"ಅಗ್ಲ ಅಂದ್ರೆ ಎಷ್ಟು?"

"ಅಗ್ಲ ಅಂದ್ರೆ... ಅಗ್ಲ, ಬಾವ."

ಇಂಥ ಉತ್ತರ ಕೇಳಿ ಸುಮ್ಮನಿರುವ ಜಾಯಮಾನ ಚೆನ್ನಕೇಶವರದಲ್ಲ. ವಾರದೊಳಗೆ ಊರಿಗಾಂನ ಅವರ ಮನೆಯ ಪಡಸಾಲೆಗೆ ಒಂದು ಬೆಂಚು, ಒಂದು ಸರಳು, ತೂಕದ ಬಿಲ್ಲೆಗಳು ಬಂದು ಕೂತವು. ಅದು ಹೆಂಡತಿ ತ್ರಿವೇಣಿ ತೊಳೆದ ರಾಗಿ ಹರವುವ ಜಾಗ. ಚಾಂಪಿಯನ್ ರೀಫ್ಸ್‌ನಲ್ಲಿ ಮುದ್ದೆ ಊಟದ ಮೆಸ್ ನಡೆಸುವ ಆಕೆ ಕೂಗಾಡಲಿಲ್ಲ, ಕರಾರು ಹಾಕಿದರು. ಎರಡು ವಾರ ಗಡುವು. ಸಂಶೋಧನೆಯಲ್ಲಿ ಯಾರೂ ತಪ್ಪು ಹುಡುಕದಿದ್ದರೆ ಬೆಂಚು ಅಲ್ಲೇ ಇರಬಹುದು. ಹುಡುಕಿದರೆ ಬೆಂಚು ಆಚೆಗೆ, ಗಂಡ ಒಂದು ವರ್ಷ ಪ್ರತಿ ಭಾನುವಾರ ಮೆಸ್ಸಿನಲ್ಲಿ ಮುದ್ದೆ ತಿರುವಬೇಕು.

ಚೆನ್ನಕೇಶವ ಸರಳಿಗೆ ಬಿಳಿ ಬಣ್ಣದಲ್ಲಿ ನಾಲ್ಕು ಅಳತೆಯ ಗುರುತು ಹಾಕಿದರು: ನಾನೂರು, ಐನೂರೈವತ್ತು, ಏಳುನೂರು, ಎಂಟುನೂರೈವತ್ತು ಮಿಲಿಮೀಟರ್. ಮೂರು ದಿನಕ್ಕೊಂದು ಹಿಡಿತ. ಮರುದಿನ ಬೆಳಿಗ್ಗೆ ನೋವಿನ ಸಮೀಕ್ಷೆ. (ಸಮೀಕ್ಷೆಯ ಉಪಕರಣ ತ್ರಿವೇಣಿಯವರ ಹೆಬ್ಬೆರಳು.)

"ಇಲ್ಲಿ?"

"ಇಲ್ಲ."

"ಇಲ್ಲಿ?"

"ಅಯ್ಯೋ."

"ಬರ್ಕೊಳ್ಳಿ."

ಗಡುವು ಮುಗಿದ ಭಾನುವಾರ ಜಿಮ್ಮಿನಲ್ಲಿ ವರದಿ ಮಂಡನೆಯಾಯಿತು. ಹಿಡಿತ ಅಗಲಿಸಿದಷ್ಟೂ ಸರಳು ಚಲಿಸುವ ದೂರ ಕಡಿಮೆ, ಎದೆಯ ನೋವು ಹೆಚ್ಚು, ಎತ್ತುವ ತೂಕವೂ ಹೆಚ್ಚು. ತೀರಾ ಅಗಲಿಸಿದರೆ ಭುಜ ತಕರಾರು ಮಾಡುತ್ತದೆ. ಕಿರಿದಾಗಿಸಿದರೆ ಎದೆ ಪೂರ್ತಿ ಸುಮ್ಮನಿರುವುದಿಲ್ಲ, ಆದರೆ ಭಾರ ತೋಳಿನ ಹಿಂಬದಿಗೆ ಜಾರುತ್ತದೆ. ಮಂಜೇಶ ಬಾಯಿ ಬಿಟ್ಟುಕೊಂಡು ಕೇಳಿಸಿಕೊಂಡ. ಭಾವನ ಮೇಲೆ ಅವನಿಗೆ ಗೌರವ ಬಂದದ್ದು ಅದೇ ಮೊದಲು. ಚೆನ್ನಕೇಶವ ಕೊನೆಯ ಸಾಲನ್ನು ನಿಧಾನವಾಗಿ ಓದಿದರು: "ಕಿರಿದಾದ ಹಿಡಿತದಲ್ಲಿ ತೋಳಿನ ಮಿತಿ ಮೂವತ್ತು ಕಿಲೋ, ಮೂರು ಸಲ."

ತಮ್ಮನಿಗೆ ಊಟದ ಡಬ್ಬಿ ತಂದಿದ್ದ ತ್ರಿವೇಣಿ ಕೇಳಿದರು: "ಯಾರ ತೋಳು?"

"ಮನುಷ್ಯರ ತೋಳು ಕಣೇ."

ಆಕೆ ಡಬ್ಬಿ ಕೆಳಗಿಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬೆಂಚಿನ ಮೇಲೆ ಮಲಗಿ, ಮೂವತ್ತು ಕಿಲೋ ಏರಿಸಿದ್ದ ಸರಳನ್ನು ಎರಡೂ ಕೈ ಹತ್ತಿರ ತಂದು ಹಿಡಿದರು. ಬಿದ್ದೀತೆಂದು ಮಂಜೇಶ ಕೈ ಒಡ್ಡಿ ನಿಂತ. ಕೈ ಒಡ್ಡಿದ್ದು ದಂಡವಾಯಿತು. ಏಳನೆಯ ಸಲ ಎತ್ತಿ ಸರಳನ್ನು ಅದರ ಜಾಗಕ್ಕಿಟ್ಟು, ತ್ರಿವೇಣಿ ಎದ್ದು ಕೂತರು.

"ಫ್ಯಾಕ್ಟ್ರೀಲೂ ಇಂಗೇನಾ? ಒಂದ್ ಪೀಸ್ ನೋಡ್ಬಿಟ್ಟು ಇಡೀ ಲಾಟ್ ಪಾಸ್ ಮಾಡ್ಬಿಡ್ತೀರಾ?"

ಇಪ್ಪತ್ತೆಂಟು ವರ್ಷದಲ್ಲಿ ಚೆನ್ನಕೇಶವ ಆ ತಪ್ಪು ಮಾಡಿದವರಲ್ಲ. ಹತ್ತಕ್ಕೆ ಕಡಿಮೆ ಪೀಸು ಅಳೆದು ಸಹಿ ಹಾಕಿದ್ದೇ ಇಲ್ಲ. ಈಗ ಅಳೆದಿದ್ದು ಒಂದೇ, ಅದೂ ಸ್ವಂತದ್ದು. ಅವಮಾನಪಡಲು ಅವರಿಗೆ ಪುರುಸೊತ್ತಾಗಲಿಲ್ಲ. ಈ ತೋಳು ಎಲ್ಲಿ ತಯಾರಾಯಿತೆಂಬ ಕುತೂಹಲವೇ ಮುಂದಾಗಿ, ಮುದ್ದೆಯ ಕೋಲು ಹೇಗೆ ಹಿಡಿಯುತ್ತೀ ಎಂದು ಕೇಳಿದರು. ಒಂಬತ್ತು ವರ್ಷದಿಂದ ದಿನಕ್ಕೆ ಅರವತ್ತು ಜನರ ಹಿಟ್ಟು ತಿರುವಿದ ಆಕೆ ಮೂಲೆಯಲ್ಲಿದ್ದ ಪೊರಕೆಯ ಕೋಲು ಹಿಡಿದು ತೋರಿಸಿದರು. ಚೆನ್ನಕೇಶವ ಟೇಪು ಹಿಡಿದರು. ಎರಡು ಕೈಗಳ ನಡುವೆ ನೂರೆಂಬತ್ತು ಮಿಲಿಮೀಟರ್. ಅವರ ನಾಲ್ಕು ಗುರುತುಗಳಲ್ಲಿ ಆ ಅಳತೆಯೇ ಇರಲಿಲ್ಲ.

ಬೆಂಚು ಆಟೋ ಹತ್ತಿ ಬಂಗಾರಪೇಟೆಗೆ ಹೋಯಿತು. ಪಡಸಾಲೆಯಲ್ಲಿ ರಾಗಿ ಹರಡಿಕೊಂಡಿತು. ಮರು ಭಾನುವಾರ ಮೆಸ್ಸಿಗೆ ಊಟಕ್ಕೆ ಬಂದವರು ಮುದ್ದೆಯ ಕೋಲಿನ ಮೇಲೆ ಬಿಳಿ ಬಣ್ಣದ ಎರಡು ಗೆರೆಗಳನ್ನೂ, ಅವುಗಳ ಮೇಲೆ ಕೈಯಿಟ್ಟು ತಿರುವುತ್ತಾ ಬೆವರುತ್ತಿದ್ದ ಇನ್‌ಸ್ಪೆಕ್ಟರರನ್ನೂ ನೋಡಿದರು.

ಸೋಮವಾರ ಬೆಳಿಗ್ಗೆ ಅವರ ಬಲಗೈ ಪೆನ್ನು ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ತ್ರಿವೇಣಿಯ ಹೆಬ್ಬೆರಳು ತೋಳಿನ ಹಿಂಬದಿಗೆ ಬಂತು.

"ಇಲ್ಲಿ?"

"ಅಯ್ಯೋ."

"ಇರ್ಲಿ, ನಾನೇ ಬರ್ಕೊತೀನಿ" ಎಂದು ಆಕೆ ಪುಸ್ತಕ ತೆಗೆದುಕೊಂಡರು. "ಪೀಸ್ ನಂಬರ್ ಒಂದು. ರಿಜೆಕ್ಟು."